ಬಳ್ಳಿಯ ಮರೆ

ಆ ಮನೆಯಲ್ಲಿ ಜೀವಂತ ಮನುಷ್ಯರು ಹೆಜ್ಜೆ ಸಪ್ಪಳ ಮಾಡುವಂತಿರಲಿಲ್ಲ. ಏಕೆಂದರೆ ಎಲ್ಲೂ ಇಲ್ಲದ ಮನುಷ್ಯರ ಹೆಜ್ಜೆ ಸಪ್ಪಳ ತಮ್ಮನಿಗೆ ಕೇಳಿಸಬೇಕಿತ್ತು. ಅಕ್ಕ ಅಡುಗೆಮನೆಯಲ್ಲಿ ಒಂದು ಸೌಟು ಬೀಳಿಸಿದರೆ ಸಾಕು, ಒಳಕೋಣೆಯಿಂದ "ಸತ್ತೆ! ನಿಮ್ಮ ದೆಸೆಯಿಂದ ಸತ್ತೆ!" ಎಂಬ ಕೂಗು ಬರುತ್ತಿತ್ತು. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡವನಿಗೆ ಸೌಟಿನ ಸದ್ದು ಹೇಗೆ ಕೇಳಿಸಿತು ಎಂದು ಯಾರೂ ಕೇಳುವ ಹಾಗಿರಲಿಲ್ಲ. ಸತ್ತವನು ಊಟದ ಹೊತ್ತಿಗೆ ಸರಿಯಾಗಿ ಎದ್ದು ಬಂದು ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ತಮ್ಮನ ಕಸುಬು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ. ಎಲ್ಲೆಲ್ಲೋ ಕೂತ ಜನ ಎರಡು ತಂಡವಾಗಿ ಒಂದೇ ಹಾಳು ಕಟ್ಟಡದೊಳಗೆ ನುಗ್ಗಿ ಒಬ್ಬರನ್ನೊಬ್ಬರು ಕೊಲ್ಲುವುದು, ಸತ್ತವರು ಮತ್ತೆ ಎದ್ದು ಬರುವುದು, ಇಷ್ಟೇ. ಪಂದ್ಯಗಳೂ ಇದ್ದವು, ಗೆದ್ದವರಿಗೆ ಕಪ್‌ಗಳೂ ಇದ್ದವು. ಅವನಂಥವರ ನಡುವೆ ಅವನಿಗೆ 'ಕಿವಿ' ಎಂದೇ ಹೆಸರು. ಗೋಡೆಯಾಚೆ ನಡೆಯುವವನು ತಗಡಿನ ಮೇಲಿದ್ದಾನೋ ಮರಳಿನ ಮೇಲಿದ್ದಾನೋ, ಮೆಟ್ಟಿಲು ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ, ಎಲ್ಲವನ್ನೂ ಸಪ್ಪಳದಿಂದಲೇ ಹೇಳಿಬಿಡುತ್ತಿದ್ದ. ಅದೇ ಕಿವಿಗೆ "ನಲ್ಲಿ ಸೋರ್ತಿದೆ, ಯಾರನ್ನಾದರೂ ಕರೆಸು" ಎಂಬ ಮಾತು ತಿಂಗಳಾದರೂ ಬಿದ್ದಿರಲಿಲ್ಲ.

ಅಕ್ಕನಿಗೆ ಅವನ ಕಿವಿಗಿಂತ ಅವನ ಕಣ್ಣಿನ ಮೇಲೆ ಸಿಟ್ಟು ಹೆಚ್ಚು. ಮನೆಯಲ್ಲಿದ್ದ ಅತ್ಯಂತ ದುಬಾರಿ ವಸ್ತು ಅವನ ಕಂಪ್ಯೂಟರು. ನೀರಿನ ಮೇಲೆ ಮೋಡದ ನೆರಳು ಓಡುವುದನ್ನೂ ತೋರಿಸಬಲ್ಲ ಯಂತ್ರ. ಅದನ್ನು ತಂದ ದಿನವೇ ಅವನು ಮಾಡಿದ ಮೊದಲ ಕೆಲಸವೆಂದರೆ ಆಟದ ಸೆಟ್ಟಿಂಗುಗಳನ್ನೆಲ್ಲ ತೆರೆದು ಒಂದೊಂದನ್ನೂ ತಳಕ್ಕೆ ಇಳಿಸಿದ್ದು. ನೆರಳು ಬೇಡ. ಹುಲ್ಲು ಬೇಡ. ಬಿಸಿಲು ಬೇಡ. ಮಂಜು, ಧೂಳು, ಗಾಳಿ, ಹಿನ್ನೆಲೆ ಸಂಗೀತ ಯಾವುದೂ ಬೇಡ. ಕೊನೆಗೆ ಉಳಿದದ್ದು ಬೂದಿ ಬಣ್ಣದ ಗೋಡೆಗಳು, ಅವುಗಳ ಮುಂದೆ ಓಡಾಡುವ ಮನುಷ್ಯಾಕೃತಿಗಳು. ಆ ಆಕೃತಿಗಳಿಗೂ ಕಣ್ಣಿಗೆ ಹೊಡೆಯುವ ಕೆಂಪು ಅಂಚು. ಇದಕ್ಕೆ ಅವನ ಜಾತಿಯವರು ಕೊಟ್ಟ ಹೆಸರು 'ಕ್ಲಿಯರ್ ನೋಟ'. ಅವರಿಗೆ ಸ್ವರ್ಗವನ್ನೇ ತೋರಿಸಿದರೂ ಅದರ ದೀಪ ಆರಿಸಿ, ಗಿಡ ಕಡಿದು, ದೇವತೆಗಳಿಗೆ ಕೆಂಪು ಬಣ್ಣ ಬಳಿದು, ಈಗ ಸರಿಯಾಗಿ ಕಾಣುತ್ತಿದೆ ಎನ್ನುತ್ತಾರೆ ಎಂದು ಅಕ್ಕ ಬೈದುಕೊಳ್ಳುತ್ತಿದ್ದಳು.

ಅವಳ ಹೊಟ್ಟೆ ಉರಿಯುವುದಕ್ಕೆ ಕಾರಣವಿತ್ತು. ಅವರು ಆರಿಸುವ ದೀಪ, ಕಡಿಯುವ ಗಿಡ ಮಾಡುವುದೇ ಅವಳ ಉದ್ಯೋಗ. ಅಂಥದೇ ಒಂದು ಆಟ ತಯಾರಿಸುವ ಕಂಪನಿಯಲ್ಲಿ ಅವಳು ಚಿತ್ರ ಬಿಡಿಸುತ್ತಿದ್ದಳು. ಹೊಸ ಆಟ ನಡೆಯುವ ಜಾಗ ಮುಚ್ಚಿಹೋದ ಒಂದು ಗಾಜಿನ ಕಾರ್ಖಾನೆ. ಅದರ ಹಿತ್ತಲಿನ ಉದ್ದ ಗೋಡೆಯ ಮೇಲೆ ಅವಳು ಒಂದು ಬಳ್ಳಿ ಹಬ್ಬಿಸಿದ್ದಳು. ಆಫೀಸಿನ ಹಿಂದೆ ಕಾರು ನಿಲ್ಲಿಸುವ ಜಾಗದ ಗೋಡೆಯಲ್ಲಿ ಅಂಥದೊಂದು ಬಳ್ಳಿಯಿತ್ತು. ಊಟದ ಬಿಡುವಿನಲ್ಲಿ ಹೋಗಿ ಅದರ ಮುಂದೆ ನಿಂತು ಎಲೆಗಳನ್ನು ನೋಡುತ್ತಿದ್ದಳು. ಬುಡದ ಹತ್ತಿರ ಹಳದಿಯಾದ ಹಳೆಯ ಎಲೆ, ತುದಿಯಲ್ಲಿ ತಿಳಿಹಸಿರಿನ ಕುಡಿ, ಹುಳ ಕೊರೆದ ತೂತು, ಪೈಪಿನ ಸುತ್ತ ಎರಡು ಸುತ್ತು ಸುತ್ತಿ ದಾರಿ ತಪ್ಪಿ ಕೆಳಗೆ ಜೋತುಬಿದ್ದ ಒಂದು ಕವಲು, ಎಲ್ಲವನ್ನೂ ತನ್ನ ಗೋಡೆಗೆ ತಂದಿದ್ದಳು. ಮಧ್ಯಾಹ್ನದ ಬಿಸಿಲು ಬಿದ್ದಾಗ ಎಲೆಯ ಹಿಂಬದಿಯ ನರ ಕಾಣುತ್ತಿತ್ತು. ಅಷ್ಟು ಒಳ್ಳೆಯ ಕೆಲಸ ಅವಳು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡುವ ನಂಬಿಕೆಯೂ ಇರಲಿಲ್ಲ. ಇದು ಅವಳಿಗೇ ಗೊತ್ತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಯಾರೂ ಹೇಳಲೂ ಇಲ್ಲ ಅನ್ನಿ.

ಅವಳು ಆಟ ಆಡುತ್ತಿರಲಿಲ್ಲ. ಗುಂಡು ಹಾರಿಸುವವರನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೇ. ಮದುವೆ ಮನೆಗೆ ಚಪ್ಪರ ಹಾಕಿಕೊಟ್ಟು ಊಟಕ್ಕೆ ನಿಲ್ಲದೆ ಹೋಗುವವರ ಹಾಗೆ, ಗೋಡೆ ಮುಗಿಸಿ ಕೈ ತೊಳೆದುಕೊಂಡು ಬರುತ್ತಿದ್ದಳು.

ಮನೆಯಲ್ಲಿದ್ದ ಮೂರನೆಯವರು ಅಪ್ಪ, ನಿವೃತ್ತ ಡ್ರಿಲ್ ಮಾಸ್ತರು. ಬದುಕಿಡೀ ಮೈದಾನದಲ್ಲಿ ಸೀಟಿ ಊದಿ, ಊರ ಮಕ್ಕಳನ್ನೆಲ್ಲ ಎಡಕ್ಕೆ ಬಲಕ್ಕೆ ತಿರುಗಿಸಿದವರು. ಅಮ್ಮ ತೀರಿಕೊಂಡ ಮೇಲೆ, ಕೆಲಸವೂ ಮುಗಿದ ಮೇಲೆ, ತಿರುಗಿಸಲು ಯಾರೂ ಉಳಿಯಲಿಲ್ಲ. ಮಗ ತಿರುಗುವ ಪೈಕಿಯಲ್ಲ. ಆಟವನ್ನು ಹೊರಗಿನವರಿಗೆ ಪರೀಕ್ಷೆಗೆಂದು ಬಿಟ್ಟಾಗ ಅಕ್ಕ ತಾನು ಹಿಂದೆ ಚಿತ್ರ ಬಿಡಿಸುತ್ತಿದ್ದ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಟ್ಟು, "ನನ್ನ ಬಳ್ಳಿ ನೋಡಿ ಅಪ್ಪಾ" ಎಂದಳು. ನೋಟವನ್ನು ಅತ್ಯುತ್ತಮಕ್ಕೆ ಏರಿಸಿಟ್ಟಳು. ಅಪ್ಪ ಅಂದಿನಿಂದ ದಿನವೂ ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ಅದರ ಮುಂದೆ ಕೂರತೊಡಗಿದರು. ಮಗ ಎಸೆದಿದ್ದ ಹಳೆಯ ಹೆಡ್‌ಫೋನು ಅವರ ಪಾಲಿಗೆ ಬಂದಿತ್ತು. ಅದರ ಬಲಗಿವಿ ಸತ್ತಿತ್ತು. ಹೀಗಾಗಿ ಅಪ್ಪನ ಪ್ರಪಂಚದಲ್ಲಿ ಶತ್ರುಗಳೆಲ್ಲ ಎಡಗಡೆಯಿಂದಲೇ ಬರುತ್ತಿದ್ದರು. ಕಾರ್ಖಾನೆಯ ಬಾಗಿಲಲ್ಲಿ ಹುಟ್ಟಿ, ಯಾರನ್ನೂ ಹೊಡೆಯದೆ, ಯಾವ ಕಿಟಕಿಯಲ್ಲೂ ಇಣುಕದೆ, ನೇರವಾಗಿ ಹಿತ್ತಲಿಗೆ ನಡೆದು, ಬಳ್ಳಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಯಾರಾದರೂ ಬಂದು ಹೊಡೆದು ಹಾಕುತ್ತಿದ್ದರು. ಅಪ್ಪ ಮತ್ತೆ ಹುಟ್ಟಿ ಮತ್ತೆ ಅಲ್ಲಿಗೇ ಹೋಗುತ್ತಿದ್ದರು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಮ್ಮನ ತಟ್ಟೆಗೆ ಅನ್ನ ಹಾಕುತ್ತ, "ಹೇಗಿದೆಯೋ ನಮ್ಮ ಆಟ?" ಎಂದು ಕೇಳಿದಳು. ಅವನೂ ಅದನ್ನು ಪರೀಕ್ಷಿಸುವವರಲ್ಲಿ ಒಬ್ಬನಾಗಿದ್ದ.

"ಗನ್ ಚೆನ್ನಾಗಿದೆ. ಹೆಜ್ಜೆ ಸಪ್ಪಳ ಸುಮಾರು. ಗಾಳಿ ಸದ್ದು ತೆಗೀಬೇಕು, ಹೆಜ್ಜೆ ಮುಚ್ಚಿಹೋಗುತ್ತೆ. ಹಿತ್ತಲಲ್ಲಿ ಯಾರೋ ಕಸ ತುಂಬಿದ್ದಾರೆ, ಅದನ್ನ ಕಿತ್ತು ಹಾಕಿದ್ರೆ ಆಟ ಸರಿಹೋಗುತ್ತೆ."

"ಕಸ ಅಲ್ವೋ, ಬಳ್ಳಿ."

"ಏನೋ ಒಂದು. ನಾನು ನೋಡಿಲ್ಲ. ಮೊದಲ ದಿನವೇ ಆಫ್ ಮಾಡಿದೆ. ಆದರೆ ಆಫ್ ಮಾಡೋಕೆ ಗೊತ್ತಿಲ್ಲದವರೂ ಇರ್ತಾರಲ್ಲ, ಅವರಿಗೆ ತೊಂದರೆ. ನಾವೆಲ್ಲ ಸೇರಿ ಕಂಪನಿಗೆ ಬರೆದಿದ್ದೀವಿ."

"ಏನಂತ?"

"ಬಳ್ಳಿ ಕೀಳಿ ಅಂತ."

ಅಕ್ಕ ಸೌಟನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ತನ್ನ ಜೀವಮಾನದ ಕೆಲಸವನ್ನು ನೋಡದೆಯೇ ಕಸ ಎಂದದ್ದಕ್ಕೆ ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. "ನಿಮ್ಮಂಥವರಿಗೆ ಆಟ ಯಾಕೋ? ಒಂದು ಬಿಳೀ ಹಾಳೆ, ಅದರ ಮೇಲೆ ಓಡಾಡೋ ಇರುವೆ ಸಾಕು" ಎಂದಳು.

"ಇರುವೆ ಕಪ್ಪಗಿದ್ರೆ ಇನ್ನೂ ಒಳ್ಳೇದು" ಎಂದ ತಮ್ಮ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. "ಬಳ್ಳಿ ಚೆನ್ನಾಗಿದೆ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಆಟಗಾರರು ಬರೆದದ್ದು ಕಂಪನಿಯ ಮುಖ್ಯಸ್ಥನನ್ನು ತಲುಪಿತು. ಈ ಮುಖ್ಯಸ್ಥನಿಗೆ ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಸ್ಪಷ್ಟಪ್ಪ. ಸ್ಪಷ್ಟತೆ ಎಂಬ ಪದವಿಲ್ಲದೆ ಅವನ ಬಾಯಿಂದ ಒಂದು ವಾಕ್ಯ ಹೊರಬರುತ್ತಿರಲಿಲ್ಲ, ಬಂದ ಒಂದು ವಾಕ್ಯವೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ. ಗಾಜಿನ ಮೇಲೆ ತಾನೇ ಬಣ್ಣದ ಪೆನ್ನಿನಿಂದ ಗೀಚಿಗೀಚಿ ಒಳಗಿರುವವನು ಹೊರಗೆ ಕಾಣದಂತೆ ಮಾಡಿಕೊಂಡಿದ್ದ.

"ನೋಡಮ್ಮಾ, ಪಂದ್ಯ ಆಡೋರಿಗೆ ಬೇಕಾಗಿರೋದು ದೃಶ್ಯದ ಸ್ಪಷ್ಟತೆ, ಧ್ವನಿಯ ಸ್ಪಷ್ಟತೆ, ಒಟ್ಟಾರೆ ಅನುಭವದ ಸ್ಪಷ್ಟತೆ. ಬಳ್ಳಿ ಬಗ್ಗೆ ನನಗೆ ವೈಯಕ್ತಿಕವಾಗಿ ಪ್ರೀತಿ ಇದೆ."

"ಹಾಗಾದ್ರೆ ಇರಲಿ ಬಿಡಿ."

"ಇರಲಿ ಅಂತ ನಾನು ಹೇಳಲ್ಲ. ಬೇಡ ಅಂತಲೂ ಹೇಳಲ್ಲ. ನಿನ್ನ ಬಳ್ಳಿ, ನಿನ್ನ ನಿರ್ಧಾರ. ಸೋಮವಾರದ ಮೀಟಿಂಗಲ್ಲಿ ಸ್ಪಷ್ಟವಾಗಿ ಹೇಳಿಬಿಡು."

ಎರಡು ಕಡೆಯೂ ತನ್ನ ಕೈ ಸುಡದಂತೆ ಜಾರಿಕೊಳ್ಳುವುದರಲ್ಲಿ ಆತ ನಿಸ್ಸೀಮ. ಆದರೆ ಈ ಸಲ ಅವನ ಹೇಡಿತನ ಅವಳಿಗೆ ಅನುಕೂಲವೇ ಆಯಿತು. ನಿರ್ಧಾರ ಅವಳದೇ ಆದ ಮೇಲೆ ಬಳ್ಳಿ ಉಳಿದಂತೆಯೇ. ಎಲ್ಲರಿಗೂ ಕಡ್ಡಾಯ ಮಾಡಲು ಆಗದು, ಬಡ ಯಂತ್ರಗಳು ಅಷ್ಟು ಎಲೆಗಳ ಭಾರ ತಾಳಲಾರವು. ಆದ್ದರಿಂದ ಬೇಕಾದವರಿಗೆ ಇರಲಿ, ಬೇಡದವರಿಗೆ ಬೇಡ. ಇದಕ್ಕಿಂತ ಸಭ್ಯವಾದ ಏರ್ಪಾಡು ಇನ್ನೇನಿದೆ ಎಂದು ಅವಳ ವಾದ. ಪಕ್ಕದ ಮೇಜಿನ ಸದ್ದಿನವನು, ಅಂದರೆ ಆಟಕ್ಕೆ ಸದ್ದು ಕೂಡಿಸುವವನು, ಎಲೆಗಳ ನಡುವೆ ಸುಳಿಯುವ ಗಾಳಿಯನ್ನು ಆಗಲೇ ತೆಗೆದುಹಾಕಿ ಆರಾಮವಾಗಿದ್ದ. "ಹೆಜ್ಜೆ ಕೇಳಿಸಬೇಕಂತೆ, ಗಾಳಿ ಬೇಡವಂತೆ. ಸಂಬಳ ಅದೇ ತಾನೇ?" ಎಂದು ಹಲ್ಲು ಕಿರಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಬೆನ್ನುಮೂಳೆ ಇಲ್ಲದವರ ಜೊತೆ ಮಾತೇನು?

ಭಾನುವಾರ ಮಧ್ಯಾಹ್ನ ಅವಳು ಮೂರು ಲೋಟ ಟೀ ಮಾಡಿದಳು. ಮೊದಲು ಅಪ್ಪನ ಕೋಣೆಗೆ ಹೋದಳು. ಅಪ್ಪ ಮೂಗು ಪರದೆಗೆ ತಾಗುವಷ್ಟು ಬಾಗಿ ಕೂತಿದ್ದರು. ಪರದೆಯ ತುಂಬ ಅವಳ ಬಳ್ಳಿ. ಎಲೆಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ಬಿದ್ದು, ಕೆಳಗೆ ಕೂತ ಅಪ್ಪನ ಮನುಷ್ಯನ ಹೆಗಲು, ತೊಡೆ ಎಲ್ಲ ಹಸಿರಾಗಿದ್ದವು. ಅವನು ಅಲ್ಲಿದ್ದಾನೆ ಎಂದು ಗೊತ್ತಿಲ್ಲದಿದ್ದರೆ ಯಾರಿಗೂ ಕಾಣುವಂತಿರಲಿಲ್ಲ. ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಲೋಟ ಮೇಜಿನ ಮೇಲಿಡು ಎಂದು ಸನ್ನೆ ಮಾಡಿದರು. ಬಚ್ಚಿಟ್ಟುಕೊಳ್ಳುವ ಆಟದಲ್ಲಿ ಮಂಚದಡಿ ಸೇರಿದ ಮಗುವಿನ ಮುಖವಾಗಿತ್ತು ಅದು. ಅವಳಿಗೆ ಹೆಮ್ಮೆ ಉಕ್ಕಿ ಬಂತು. ತಾನು ಹಬ್ಬಿಸಿದ ಬಳ್ಳಿ, ತನ್ನ ಅಪ್ಪನಿಗೆ ಮರೆ.

ಎರಡನೇ ಲೋಟ ಹಿಡಿದು ತಮ್ಮನ ಕೋಣೆಗೆ ಹೋದಳು. ಕಿಟಕಿಗೆ ದಪ್ಪ ಪರದೆ ಎಳೆದು ಹಗಲನ್ನೂ ತಳಕ್ಕೆ ಇಳಿಸಿದ್ದ ಕೋಣೆ. ಅವನ ಪರದೆಯ ಮೇಲೆ ಬೂದಿ ಬಣ್ಣದ ಒಂದು ಉದ್ದ ಗೋಡೆ. ಗೋಡೆಯ ಬುಡದಲ್ಲಿ, ನಟ್ಟನಡು ಬಯಲಿನಲ್ಲಿ, ಒಬ್ಬ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತಿದ್ದ. ಮೈಸುತ್ತ ಕೆಂಪು ಅಂಚು. ಸುತ್ತ ಒಂದು ಕಡ್ಡಿಯ ಮರೆಯೂ ಇಲ್ಲ. ಬಾಗಿಲಿಲ್ಲದ ಬಚ್ಚಲಿನಲ್ಲಿ ಕೂತವನಂತೆ ಕಂಡ.

"ನೋಡು ಅಕ್ಕಾ, ನೋಡು!" ತಮ್ಮ ಹೆಡ್‌ಫೋನಿನ ಒಂದು ಕಿವಿ ಸರಿಸಿ ನಕ್ಕ. "ಕೋಡಂಗಿ. ದಿನಾ ಬಂದು ಇಲ್ಲೇ ಕೂರ್ತಾನೆ. ಶುದ್ಧ ಬೆಪ್ಪುತಕ್ಕಡಿ. ಯಾವುದೋ ಎಲೆ ಗಿಲೆ ನಂಬ್ಕೊಂಡು ಮರೇಲಿದ್ದೀನಿ ಅಂದ್ಕೊಂಡಿದ್ದಾನೆ. ಇವನನ್ನ ಹೊಡೆಯೋಕೆ ನಾವು ಸರದಿ ಹಾಕ್ಕೊಂಡಿದ್ದೀವಿ ಗೊತ್ತಾ?"

ಪರೀಕ್ಷೆಗೆ ಬಂದವರಿಗೆಲ್ಲ ಕಂಪನಿ ಹೆಸರಿನ ಬದಲು 'ಅತಿಥಿ' ಎಂದು ಬರೆದು ಒಂದು ಸಂಖ್ಯೆ ಅಂಟಿಸಿತ್ತು. ಕೂತವನ ತಲೆಯ ಮೇಲೂ ಅತಿಥಿ ಎಂದಿತ್ತು. ಅವಳು ಗೋಡೆಯ ಮೇಲಿನ ತುಕ್ಕು ಹಿಡಿದ ಪೈಪನ್ನು ನೋಡಿದಳು. ಅದು ಅವಳದೇ ಪೈಪು, ಸುತ್ತ ಎರಡು ಸುತ್ತು ಸುತ್ತಿದ್ದ ಕವಲು ಮಾತ್ರ ಇರಲಿಲ್ಲ. "ಲೋ, ತಡಿಯೋ" ಎನ್ನುವಷ್ಟರಲ್ಲಿ ತಮ್ಮ ಕಿವಿ ಮುಚ್ಚಿಕೊಂಡು ಹೊಡೆದಿದ್ದ. ಮನುಷ್ಯ ಪಕ್ಕಕ್ಕೆ ವಾಲಿ ಬಿದ್ದ. "ಕೋಡಂಗಿ!" ಎಂದು ತಮ್ಮ ಗಹಗಹಿಸಿದ. ಗೋಡೆಯಾಚೆ ಅಪ್ಪನ ಕುರ್ಚಿ ಕಿರ್ರೆಂದಿತು.

ಅವಳು ಓಡಿದಳು. ಅಪ್ಪನ ಪರದೆ ಮಬ್ಬಾಗಿ, 'ನೀವು ಸತ್ತಿದ್ದೀರಿ' ಎಂಬ ಅಕ್ಷರ ಮೂಡಿತ್ತು. ಅಪ್ಪ ಟೀ ಲೋಟಕ್ಕೆ ಊದುತ್ತಿದ್ದರು. "ಬಿಡು, ಇನ್ನೊಂದ್ಸಲ ಹೋಗ್ತೀನಿ" ಎಂದರು.

ಆ ಮಧ್ಯಾಹ್ನ ಅವಳಿಗಾದ ನಾಚಿಕೆ ಇಷ್ಟಿಷ್ಟಲ್ಲ. ಕಂಪನಿಯಲ್ಲಿ ಆ ಬಳ್ಳಿಯನ್ನು ಎಷ್ಟೋ ಜನ ಪರೀಕ್ಷಿಸಿದ್ದರು. ಎಲೆ ಅಲುಗುತ್ತದೆಯೋ, ನೆರಳು ಸರಿಯಾಗಿ ಬೀಳುತ್ತದೆಯೋ, ಯಂತ್ರ ತಡವರಿಸುತ್ತದೆಯೋ ಎಲ್ಲ ನೋಡಿದ್ದರು. ಅದರ ಕೆಳಗೆ ಒಬ್ಬನನ್ನು ಕೂರಿಸಿ, ಎದುರಿನವನ ಪರದೆಯಲ್ಲಿ ಅವನು ಹೇಗೆ ಕಾಣುತ್ತಾನೆ ಎಂದು ಯಾರೂ ನೋಡಿರಲಿಲ್ಲ. ಬಳ್ಳಿ ಮಾಡುವವರು ಬಳ್ಳಿ ನೋಡುತ್ತಿದ್ದರು, ಗುಂಡಿನವರು ಗುಂಡು ನೋಡುತ್ತಿದ್ದರು. ಬೇಕಾದವರಿಗೆ ಇರಲಿ ಎಂದು ಅವಳು ಬಿಗುಮಾನದಿಂದ ಹೇಳುತ್ತಿದ್ದ ಸಭ್ಯ ಏರ್ಪಾಡಿನ ಅರ್ಥ ಇಷ್ಟೇ: ಯಾರು ಅವಳ ಎಲೆಯನ್ನು ನಂಬುತ್ತಾರೋ ಅವರು ನಗೆಪಾಟಲಾಗಿ ಸಾಯುತ್ತಾರೆ. ನಂಬದವರು ಬಂದು ಸರದಿಯಲ್ಲಿ ಹೊಡೆಯುತ್ತಾರೆ.

ತಮ್ಮನಿಗೆ ಅದು ಅಪ್ಪ ಎಂದು ಹೇಳಬೇಕೆನಿಸಿತು. ಹೇಳಿದರೆ ಅವನು ಮೊದಲು ನಗುತ್ತಾನೆ, ಆಮೇಲೆ ಅಪ್ಪನ ಹತ್ತಿರ ಹೋಗಿ ನಗುತ್ತಾನೆ. ಅಪ್ಪನಿಗೆ ಹೇಳುವುದಂತೂ ಆಗದ ಮಾತು. ಊರ ಮಕ್ಕಳನ್ನೆಲ್ಲ ಸೀಟಿಯ ಮೇಲೆ ಕುಣಿಸಿದ ಮನುಷ್ಯ, ತನ್ನ ಮಗನ ಕೈಯಲ್ಲಿ ಕೋಡಂಗಿ ಅನ್ನಿಸಿಕೊಂಡು, ಅದು ಗೊತ್ತೇ ಇಲ್ಲದೆ ಟೀ ಕುಡಿಯುತ್ತಿದ್ದಾರಲ್ಲ, ಪಾಪ! ಮುದುಕರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಆ ಸಂಜೆಯೆಲ್ಲ ಅಪ್ಪನ ಜೊತೆ ಚಿಕ್ಕ ಮಕ್ಕಳ ಜೊತೆ ಮಾತಾಡುವ ದನಿಯಲ್ಲಿ ಮಾತಾಡಿದಳು. ಅಪ್ಪ ಒಂದೆರಡು ಸಲ ಕನ್ನಡಕದ ಮೇಲಿನಿಂದ ಅವಳ ಮುಖ ನೋಡಿದರು.

ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಅವಳ ಜಗಳಕ್ಕೆ ಅಣಿಯಾಗಿ ಬಂದಿದ್ದರು. ಸದ್ದಿನವನು ತಮಾಷೆ ನೋಡಲು ಮುಂದಿನ ಕುರ್ಚಿಯನ್ನೇ ಹಿಡಿದಿದ್ದ.

"ಬಳ್ಳಿ ತೆಗೀತೀನಿ" ಎಂದಳು ಅವಳು.

ಸ್ಪಷ್ಟಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಪೂರ್ತಿ?"

"ಪೂರ್ತಿ. ಒಬ್ಬನಿಗೆ ಮರೆ, ಇನ್ನೊಬ್ಬನಿಗೆ ಬಯಲು ಅಂದ್ರೆ ಅದು ಮೋಸ. ಎಲ್ಲರಿಗೂ ತೋರಿಸೋಕೆ ಆಗಲ್ಲ ಅಂದ ಮೇಲೆ ಯಾರಿಗೂ ಬೇಡ."

"ಇದೇ! ಇದನ್ನೇ ನಾನು ಮೊದಲಿಂದ ಹೇಳ್ತಾ ಬಂದಿದ್ದು" ಎಂದು ಸ್ಪಷ್ಟಪ್ಪ ಮೇಜು ಗುದ್ದಿದ. "ಸ್ಪಷ್ಟತೆ ಅಂದ್ರೆ ತ್ಯಾಗ." ಆ ಮಾತನ್ನು ಅವನು ಆಗಲೇ ಗಾಜಿನ ಮೇಲೆ ದೊಡ್ಡದಾಗಿ ಬರೆದ. ಊಟದ ಹೊತ್ತಿಗೆ ಅದು ಅವನ ಫೋಟೋ ಸಮೇತ ಜಾಹೀರಾತಾಗಿ ಹೊರಬಿತ್ತು: ಕಂಪನಿಯು ಆಟಗಾರರ ಮಾತಿಗೆ ಕಿವಿಗೊಟ್ಟು ಹಿತ್ತಲನ್ನು ಶುಚಿಗೊಳಿಸಿದೆ, ಇನ್ನೆಂದೂ ಅಲ್ಲಿ ಒಂದು ಎಲೆ ಬೆಳೆಯುವುದಿಲ್ಲ ಎಂದು ಮಾತು ಕೊಡುತ್ತದೆ. ಕಸ ಗುಡಿಸುವ ಇಲಾಖೆಯೂ ಇಷ್ಟು ಜಂಬದಿಂದ ಬರೆದುಕೊಳ್ಳುವುದಿಲ್ಲ.

ಕೀಳುವ ಕೆಲಸವನ್ನು ಅವಳು ಬೇರೆಯವರಿಗೆ ಬಿಡಲಿಲ್ಲ. ಕುಡಿಯಿಂದ ಶುರುಮಾಡಿ ಬುಡದವರೆಗೆ, ಕವಲು ಕವಲಾಗಿ ಆರಿಸಿ, ಅಳಿಸುತ್ತ ಬಂದಳು. ಒಂದೇ ಏಟಿಗೆ ಎಲ್ಲವನ್ನೂ ಅಳಿಸಬಹುದಿತ್ತು, ಅಳಿಸಲಿಲ್ಲ. ದುಃಖವಾಯಿತು, ತುಂಬಾ ದುಃಖವಾಯಿತು. ಆದರೆ ಆ ದುಃಖದ ಅಡಿಯಲ್ಲಿ ಒಂದು ಸುಖವೂ ಇತ್ತು. ಅಪ್ಪನ ಮಾನ ಉಳಿಸಲು ತನ್ನ ಉತ್ತಮ ಕೆಲಸವನ್ನೇ ಬಲಿಕೊಟ್ಟವಳು ತಾನು, ಈ ಆಫೀಸಿನಲ್ಲಿ ಅಂಥದೊಂದು ಕೆಲಸ ಮಾಡುವ ಯೋಗ್ಯತೆ ಯಾರಿಗಿದೆ ಎಂದು ಸುತ್ತ ಒಮ್ಮೆ ನೋಡಿದಳು. ಸದ್ದಿನವನು ಬರಿಗೋಡೆಯ ಮುಂದೆ ಹೆಜ್ಜೆ ಸಪ್ಪಳ ಇಟ್ಟು ಕೇಳಿ, "ಆಹಾ, ಈಗ ನೋಡು, ಗಂಟೆ ಹೊಡೆದ ಹಾಗೆ ಕೇಳುತ್ತೆ" ಎಂದ.

ಆಟದ ಹೊಸ ರೂಪ ಮನೆಮನೆಗೆ ತಲುಪಿದ ದಿನ ಅವಳು ರಜೆ ಹಾಕಿ ಮನೆಯಲ್ಲಿದ್ದಳು. ಅಪ್ಪ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕೂತರು. ಅವಳು ಬಾಗಿಲಲ್ಲಿ ನಿಂತಳು. ಅಪ್ಪನ ಮನುಷ್ಯ ಬಾಗಿಲಿನಿಂದ ಹೊರಟು, ಯಾರನ್ನೂ ಹೊಡೆಯದೆ, ಹಿತ್ತಲಿಗೆ ನಡೆದು ಬಂದು ನಿಂತ. ಗೋಡೆ ಬರಿದಾಗಿತ್ತು. ಅತ್ಯುತ್ತಮ ನೋಟದಲ್ಲಿ ಅದರ ಒಂದೊಂದು ಇಟ್ಟಿಗೆಯೂ ಲಕಲಕ ಎನ್ನುತ್ತಿತ್ತು. ಅಪ್ಪ ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು.

"ಬಳ್ಳಿ ಎಲ್ಲಿ?"

"ತೆಗೆದೆ ಅಪ್ಪಾ."

"ಯಾರು ಹೇಳಿದ್ರು ತೆಗಿ ಅಂತ?"

"ಯಾರೂ ಹೇಳಲಿಲ್ಲ. ನಾನೇ ತೆಗೆದೆ." ಅವಳು ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟಳು. ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ ಹೇಳಿದಳು: "ಅದು ನಿಮಗೆ ಕಾಣ್ತಿತ್ತು, ಬೇರೆಯವರಿಗೆ ಕಾಣ್ತಿರಲಿಲ್ಲ ಅಪ್ಪಾ. ನೀವು ಮರೇಲಿದ್ದೀರಿ ಅಂದ್ಕೊಂಡಿರ್ತಿದ್ರಿ. ಅವರಿಗೆ ನೀವು ಬಯಲಲ್ಲಿ ಕೂತ ಹಾಗೆ ಕಾಣ್ತಿತ್ತು. ನಿಮಗೆ ಗೊತ್ತಾಗ್ತಿರಲಿಲ್ಲ."

ಅಪ್ಪ ಹೆಗಲನ್ನು ಕೊಡವಿ ಕೈ ಸರಿಸಿದರು.

"ಗೊತ್ತಾಗ್ತಿರಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?"

ಅಪ್ಪ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

"ಮೊದಲನೇ ವಾರವೇ ಬರೆದು ತಿಳಿಸಿದ್ರು. ಕೆಳಗಡೆ ಬರೆಯೋಕೆ ಜಾಗ ಇದೆಯಲ್ಲ, ಅಲ್ಲಿ. ಲೋ ಕುರುಡಾ, ಬಯಲಲ್ಲಿ ಕೂತಿದ್ದೀಯ, ಎಲೆ ನಿನಗೊಬ್ಬನಿಗೇ ಕಾಣೋದು ಅಂತ. ಇನ್ನೂ ಏನೇನೋ ಬರೆದ್ರು, ಹೆಣ್ಣುಮಕ್ಕಳ ಮುಂದೆ ಹೇಳೋ ಹಾಗಿಲ್ಲ. ಅದರಲ್ಲೊಬ್ಬ ನಮ್ಮನೇಲೇ ಇದ್ದಾನೆ ಅಂತಲೂ ಗೊತ್ತು. ನಾನು ಇಲ್ಲಿ ಸಾಯೋದಕ್ಕೂ ಅವನು ಅಲ್ಲಿ ಕೋಡಂಗಿ ಅಂತ ಕಿರುಚೋದಕ್ಕೂ ಸರಿಹೋಗುತ್ತೆ. ನನಗೆ ಒಂದು ಕಿವಿ ಖಾಲಿ ಇರುತ್ತಲ್ಲ, ಎಲ್ಲ ಕೇಳುತ್ತೆ."

"ಮತ್ತೆ ಯಾಕಪ್ಪಾ ಅಲ್ಲೇ ಹೋಗಿ ಕೂರ್ತಿದ್ರಿ?"

"ಬಚ್ಚಿಟ್ಕೊಳ್ಳೋಕೆ ಅಂದ್ಕೊಂಡ್ಯಾ? ನೋಡೋಕೆ ಕಣೇ. ದೂರ ನಿಂತ್ರೆ ಬರೀ ಹಸಿರು. ಕೆಳಗೆ ಕೂತು ತಲೆ ಎತ್ತಿದ್ರೆ ಎಲೆ ಹಿಂದಿನ ನರ ಕಾಣುತ್ತೆ. ಹುಳ ತಿಂದಿರೋ ಎಲೆ ಎಡಗಡೆ ಮೂಲೇಲಿತ್ತು, ಪೈಪಿನ ಹತ್ರ ಒಂದು ಕವಲು ಜೋತುಬಿದ್ದಿತ್ತು. ದಿನಾ ಒಂದಿಷ್ಟು ನೋಡ್ತಿದ್ದೆ. ಹೊಡೀತಿದ್ರು, ಹೊಡೀಲಿ. ಮತ್ತೆ ಹೋಗಿ ಕೂರ್ತಿದ್ದೆ. ನಾನೇನು ಕಪ್ ಗೆಲ್ಲಬೇಕಿತ್ತಾ?"

ಅವಳು ಮಂಚದ ಅಂಚಿನಲ್ಲಿ ಕೂತಳು. ಬಳ್ಳಿಯನ್ನು ಇಷ್ಟು ನೋಡಿದವರು ಪ್ರಪಂಚದಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಎದುರಿಗೇ ಕೂತಿದ್ದರು, ಅವಳು ಅವರನ್ನು ಮುದುಕ, ಪಾಪ, ಏನೂ ತಿಳಿಯದವರು ಎಂದುಕೊಂಡು ಎಲ್ಲವನ್ನೂ ಕಿತ್ತು ಬಂದಿದ್ದಳು.

"ನನ್ನ ನೋಡಿ ಅಯ್ಯೋ ಪಾಪ ಅನ್ನಿಸ್ತಾ?" ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗರು ನನ್ನ ಬೆಪ್ಪ ಅಂದ್ಕೊಂಡು ಗುಂಡು ಹೊಡೆದ್ರು. ನೀನೂ ಬೆಪ್ಪ ಅಂದ್ಕೊಂಡೆ, ಕನಿಕರ ಪಟ್ಟೆ. ಗುಂಡೇ ವಾಸಿ. ಸತ್ತ ಮೇಲೆ ಎದ್ದು ಮತ್ತೆ ಹೋಗಬಹುದಿತ್ತು."

"ವಾಪಸ್ ಹಾಕ್ತೀನಿ ಅಪ್ಪಾ" ಎಂದಳು.

"ಹಾಕೋಕಾಗುತ್ತಾ?"

ಒಂದು ಎಲೆಯೂ ಬೆಳೆಯುವುದಿಲ್ಲ ಎಂದು ಕಂಪನಿ ಲೋಕಕ್ಕೆಲ್ಲ ಸಾರಿಯಾಗಿತ್ತು. ಆಟಗಾರರು ಕುಣಿದಾಡುತ್ತಿದ್ದರು. ಸ್ಪಷ್ಟಪ್ಪನಿಗೆ ಎಲ್ಲೆಲ್ಲಿಂದಲೋ ಶಹಬ್ಬಾಸ್ ಬರುತ್ತಿತ್ತು. "ಇಲ್ಲ" ಎಂದಳು.

ಅಪ್ಪ ತಲೆದೂಗಿ, ಬರಿಗೋಡೆಯನ್ನು ಇನ್ನೊಮ್ಮೆ ನೋಡಿದರು. ನೋಡುತ್ತಿರುವಾಗಲೇ ಎಲ್ಲಿಂದಲೋ ಗುಂಡು ಬಂದು ಅವರ ಮನುಷ್ಯ ಬಿದ್ದ. ಈ ಸಲ ಅವರು ಮತ್ತೆ ಹೋಗಲಿಲ್ಲ. ಎದ್ದು ಪಂಚೆ ಸರಿಮಾಡಿಕೊಂಡು ಮಗನ ಕೋಣೆಯ ಬಾಗಿಲು ತಳ್ಳಿದರು.

"ಏಯ್, ಆ ಬೂದಿ ಬಣ್ಣ ಮಾಡ್ಕೊಂಡಿದ್ದೀಯಲ್ಲ, ಅದು ಹೇಗೆ ಅಂತ ತೋರಿಸು. ಇನ್ನು ಅಲ್ಲಿ ನೋಡೋಕೇನೂ ಇಲ್ಲ. ಹೊಡೆಯೋದಾದರೂ ಕಲೀತೀನಿ."

ತಮ್ಮ ಮೊದಲು ಕಕ್ಕಾಬಿಕ್ಕಿಯಾದ. ಆಮೇಲೆ ಹಿಂದೆಂದೂ ಇಲ್ಲದ ಉತ್ಸಾಹದಿಂದ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ, ಎರಡೂ ಕಿವಿ ಕೇಳುವ ಹೆಡ್‌ಫೋನನ್ನು ತಾನೇ ಅಪ್ಪನ ತಲೆಗೆ ಹಾಕಿದ. "ಮೊದಲು ಹೆಜ್ಜೆ ಕೇಳಿಸ್ಕೊಳ್ಳಿ ಅಪ್ಪಾ. ಬಲಗಡೆ. ಈಗ ತಿರುಗಿ. ಈಗ!" ಎಂಬ ಅವನ ದನಿ ಅಕ್ಕ ಕೂತಲ್ಲಿಗೇ ಕೇಳುತ್ತಿತ್ತು. ಡ್ರಿಲ್ ಮಾಸ್ತರಿಗೆ ಎಡ ಬಲ ಯಾರೂ ಕಲಿಸಬೇಕಾಗಿರಲಿಲ್ಲ. ಸಂಜೆಯ ಹೊತ್ತಿಗೆ ಅಪ್ಪ ಇಬ್ಬರನ್ನು ಕೊಂದಿದ್ದರು.